ಎಷ್ಟು ಸೈಜು ಅಂತ ಹೇಳೋರು ಯಾರು?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಪ್ರಾಜೆಕ್ಟು, ರಿಲೀಸು ಅನ್ನೋ ಮಾಮೂಲಿ ನೆಪ ಇದ್ದೇ ಇದೆ. ಆದರೆ ನಿಜವಾದ ಕಾರಣ ಈ ಪೋಸ್ಟು. ಬರೆದು ಡ್ರಾಫ್ಟಿನಲ್ಲಿಟ್ಟು, ಅಳಿಸಿ, ಮತ್ತೆ ಬರೆದು... ಹೀಗೇ ದಿನ ಕಳೀತು. ವಿಷಯ ಅಂಥದ್ದು. ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಳ್ಳೋರು ಅದರ ಸೈಜನ್ನು ಆರಿಸೋದು ಹೇಗೆ ಅನ್ನೋದು. ಇಷ್ಟು ಓದಿಯೇ ಮುಖ ಸಿಂಡರಿಸಿದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ :-)

ಬರೆಯೋಕೆ ಕೂತಾಗ ಮೊದಲು ಎಡವಿದ್ದು ಪದದ ಹತ್ತಿರ. 'ಸ್ತನ' ಅಂದ್ರೆ ಆಸ್ಪತ್ರೆಯ ಗೋಡೆ ಮೇಲಿನ ಚಾರ್ಟ್ ನೆನಪಾಗುತ್ತೆ. ಅಮ್ಮಂದಿರು 'ಎದೆ' ಅಂತಾರೆ, ಅದರಲ್ಲಿ ಹೃದಯ, ಶ್ವಾಸಕೋಶ, ಧೈರ್ಯ ಎಲ್ಲಾ ಸೇರಿಕೊಂಡುಬಿಡುತ್ತೆ. 'ಮೊಲೆ' ಅನ್ನೋ ಅಚ್ಚಗನ್ನಡ ಪದ ಮೊಲೆಹಾಲು ಅನ್ನುವಾಗ ಪವಿತ್ರ, ಉಳಿದ ಕಡೆಯೆಲ್ಲಾ ಬೈಗುಳ. ಹಳಗನ್ನಡದ ಕವಿಗಳಿಗೆ ಇಲ್ಲದ ಮುಜುಗರ ನಮಗೆ ಎಲ್ಲಿಂದ ಬಂತೋ! ಮಾತಾಡೋಕೆ ಸಲೀಸಾದ ಒಂದು ಪದ ಇಲ್ಲದ ಜಾಗದ ಬಗ್ಗೆ ಯಾರು ತಾನೇ ಸಲೀಸಾಗಿ ಮಾತಾಡ್ತಾರೆ? ಹಾಗಾಗಿ ಈ ವಿಷಯದಲ್ಲಿ ಮಾತಾಡೋರು ಇಬ್ಬರೇ ಉಳಿದಿದ್ದಾರೆ. ಮಾರೋರು ಮತ್ತು ಬೈಯೋರು. ನಾನು ಎರಡೂ ಅಲ್ಲ ಅಂದುಕೊಂಡಿದ್ದೆ. ಆದರೆ ಬೈಯೋರ ಗುಂಪಿನಲ್ಲಿ ನಾನೂ ಇದ್ದೆ ಅಂತ ಗೊತ್ತಾಗಿದ್ದು ಕಳೆದ ವರ್ಷ.

ನನ್ನ ರೂಮ್‌ಮೇಟ್ ಬಗ್ಗೆ ಇಲ್ಲಿ ಆಗಾಗ ಬರೆದಿದ್ದೀನಿ. ರಾತ್ರಿ ಹನ್ನೊಂದಕ್ಕೆ ಎದ್ದು ಚಿತ್ರಾನ್ನ ಕಲಸೋ ಪುಣ್ಯಾತ್ಗಿತ್ತಿ, ಅವಳೇ. ಇಬ್ಬರೂ ಮಲೆನಾಡಿನವರು, ಇಬ್ಬರದೂ ಒಂದೇ ಇಂಜಿನಿಯರಿಂಗ್ ಕಾಲೇಜು, ಬೆಂಗಳೂರಿನಲ್ಲಿ ಆರು ವರ್ಷದಿಂದ ಒಂದೇ ಮನೆ. ಹೆಸರು ಹಾಕೋಲ್ಲ. ಈ ಪೋಸ್ಟನ್ನು ಅವಳು ಎರಡು ಸಲ ಓದಿ, ಮೂರು ಕಡೆ ಕತ್ತರಿ ಹಾಕಿ, "ಹಾಕು ಪರ್ವಾಗಿಲ್ಲ" ಅಂದ ಮೇಲೇ ಹಾಕ್ತಾ ಇರೋದು.

ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ "ಇಂಪ್ಲಾಂಟ್ ಹಾಕಿಸ್ಕೋಬೇಕು ಅಂತಿದೀನಿ" ಅಂದಳು. ನಾನು ನಕ್ಕೆ. ಆಮೇಲೆ ಭಾಷಣ ಶುರು ಮಾಡಿದೆ. ಸಿನಿಮಾದವರ ಹುಚ್ಚು, ಜಾಹೀರಾತಿನವರ ಹುನ್ನಾರ, ನಮ್ಮಂಥ ಓದಿದವರೇ ಹೀಗಾದರೆ ಹೇಗೆ, ನೀನು ಇರೋ ಹಾಗೇ ಚೆನ್ನಾಗಿದೀಯ... ಹತ್ತು ನಿಮಿಷ ಬಿಟ್ಟಿರಬೇಕು. ಅವಳು ಪೂರ್ತಿ ಕೇಳಿ ಲೋಟ ಕೆಳಗಿಟ್ಟು ಹೇಳಿದಳು. ಅವಳ ಎಡಗಡೆಯದು ಬಲಗಡೆಯದಕ್ಕಿಂತ ಬಹಳ ಚಿಕ್ಕದು. ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತೆ, ಅಷ್ಟಲ್ಲ. ಬೆಳೆಯೋ ವಯಸ್ಸಿನಲ್ಲಿ ಒಂದು ಬೆಳೀತು, ಇನ್ನೊಂದು ಅರ್ಧಕ್ಕೇ ನಿಂತುಬಿಡ್ತು. ಸೆಕೆಂಡ್ ಪಿಯುಸಿಯಿಂದ ಇವತ್ತಿನವರೆಗೆ ಎಡಗಡೆಗೆ ಒಂದು ಕರ್ಚೀಫ್ ಮಡಿಸಿಟ್ಟುಕೊಂಡೇ ಮನೆಯಿಂದ ಹೊರಗೆ ಹೊರಡೋದು.

"ಆರು ವರ್ಷ ಜೊತೆಗಿದೀನಿ, ನಂಗೇ ಗೊತ್ತಾಗಿಲ್ಲ ಮಾರಾಯ್ತಿ. ಮತ್ತೆ ಬೇರೆ ಯಾರಿಗೆ ಕಾಣುತ್ತೆ?" ಅಂದೆ.

"ನಿಂಗೆ ಕಾಣದ ಹಾಗೆ ಆರು ವರ್ಷ ನಾನು ನೋಡ್ಕೊಂಡಿದೀನಿ ಕಣೇ" ಅಂದಳು.

ಅವತ್ತಿಗೆ ನನ್ನ ಭಾಷಣ ಮುಗೀತು. ಟ್ರೆಕ್ಕಿಂಗ್‌ಗೆ ಹೋದಾಗ ಇವಳೊಬ್ಬಳು ಹೊಳೆಗೆ ಇಳಿಯದೆ ಬಂಡೆ ಮೇಲೆ ಕೂತಿರ್ತಿದ್ದಳು, ನಾವೆಲ್ಲಾ ನೀರಿನ ಭಯ ಅಂತ ರೇಗಿಸ್ತಿದ್ವಿ. ದರ್ಜಿ ಅಂಗಡಿಯಲ್ಲಿ ಯಾವಾಗಲೂ ಹಳೇ ಅಳತೆ ಬ್ಲೌಸ್ ಕೊಟ್ಟು ಬರ್ತಿದ್ದಳು, ಒಂದು ಸಲವೂ ಟೇಪ್ ಹಿಡಿಯೋಕೆ ಬಿಟ್ಟಿರಲಿಲ್ಲ. ಎಲ್ಲಾ ಆವತ್ತು ಅರ್ಥವಾಯ್ತು.

ಪಶ್ಚಾತ್ತಾಪಕ್ಕೋ ಏನೋ, ಡಾಕ್ಟರ ಹತ್ತಿರ ನಾನೂ ಬರ್ತೀನಿ ಅಂತ ಹೊರಟೆ. ಮೊದಲು ಹೋದದ್ದು ನಗರದ ಒಂದು ಥಳಕಿನ ಕ್ಲಿನಿಕ್ಕಿಗೆ. ಡಾಕ್ಟರ್ ಸಿಗೋ ಮೊದಲು ಒಬ್ಬ ಕೋಆರ್ಡಿನೇಟರ್ ಹುಡುಗಿ ಸಿಕ್ಕಿ, ಟ್ಯಾಬ್‌ನಲ್ಲಿ 'ಮೊದಲು-ನಂತರ' ಫೋಟೋಗಳನ್ನು ತೋರಿಸುತ್ತಾ ಕೇಳಿದ ಮೊದಲ ಪ್ರಶ್ನೆ "ಬಿ ಬೇಕಾ ಮೇಡಂ, ಸಿ ಬೇಕಾ?" ಹೋಟೆಲಿನಲ್ಲಿ ಸೆಟ್ ದೋಸೆಯೋ ಮಸಾಲೆಯೋ ಅಂದ ಹಾಗೆ! ಇವಳು ತನ್ನ ಸಮಸ್ಯೆ ಹೇಳಿದಾಗ "ಎರಡೂ ಕಡೆ ಪ್ಯಾಕೇಜ್ ಇದೆ, ಸ್ವಲ್ಪ ದೊಡ್ಡದೇ ಹಾಕಿಸ್ಕೊಳ್ಳಿ, ಆಮೇಲೆ ಎಲ್ರೂ ಇನ್ನೂ ಸ್ವಲ್ಪ ದೊಡ್ಡದು ಹಾಕಿಸ್ಬೇಕಿತ್ತು ಅಂತಾರೆ" ಅಂತ ಉತ್ತರ. ಇಬ್ಬರೂ ಹೊರಗೆ ಬಂದು ಬೈಟು ಕಾಫಿ ಕುಡಿದು ಮನೆಗೆ ಬಂದ್ವಿ.

ಆವತ್ತು ರಾತ್ರಿಯಿಂದ ಓದೋಕೆ ಶುರು ಮಾಡಿದೆ. ಹೊಸ ಲೈಬ್ರರಿ ಬಳಸೋ ಮೊದಲು ಡಾಕ್ಯುಮೆಂಟೇಶನ್ ಓದೋ ಚಟ ಇದೆಯಲ್ಲ, ಅದೇ ಚಟ. ಓದಿದ್ದರಲ್ಲಿ ಮೊದಲು ಅರ್ಥವಾಗಿದ್ದು, ಆ ಹುಡುಗಿ ಕೇಳಿದ ಪ್ರಶ್ನೆಯೇ ತಪ್ಪು ಅಂತ.

ಯಾಕೆ ಅಂದ್ರೆ ಕಪ್ ಅನ್ನೋದು ಒಂದು ಅಳತೆಯೇ ಅಲ್ಲ. ಬ್ರಾದ 'ಬಿ', 'ಸಿ' ಅನ್ನೋ ಅಕ್ಷರ ಎದೆಯ ಸುತ್ತಳತೆಗೂ ಕೆಳಗಿನ ಪಟ್ಟಿಯ ಸುತ್ತಳತೆಗೂ ಇರೋ ವ್ಯತ್ಯಾಸ ಅಷ್ಟೇ. ಹಾಗಾಗಿ 32 ಡಿ, 34 ಸಿ, 36 ಬಿ ಮೂರರ ಕಪ್ಪಿನಲ್ಲೂ ಹಿಡಿಯೋದು ಹೆಚ್ಚುಕಮ್ಮಿ ಒಂದೇ ಗಾತ್ರ! ಅದರ ಮೇಲೆ ಒಂದು ಕಂಪನಿಯ ಸಿ ಇನ್ನೊಂದು ಕಂಪನಿಯ ಬಿ. ಯೂನಿಟ್ ಇಲ್ಲದ ನಂಬರ್ ಬರೆದರೆ ನಮ್ಮ ಫಿಸಿಕ್ಸ್ ಮೇಷ್ಟ್ರು ಮಾರ್ಕ್ಸ್ ಕೊಡ್ತಿರಲಿಲ್ಲ. ಇಲ್ಲಿ ಯೂನಿಟ್ಟೇ ಇಲ್ಲದ ಅಕ್ಷರ ನಂಬಿಕೊಂಡು ಜನ ಮೈ ಕೊಯ್ಯಿಸಿಕೊಳ್ತಾರೆ.

ಇಂಪ್ಲಾಂಟ್ ಮಾಡೋರಿಗೆ ಬಿ, ಸಿ ಗೊತ್ತಿಲ್ಲ. ಅವರ ಲೆಕ್ಕ ಸಿ.ಸಿ.ಯಲ್ಲಿ, ಅಂದ್ರೆ ಮಿಲಿಲೀಟರ್‌ನಲ್ಲಿ. 250 ಸಿ.ಸಿ.ಯ ಎರಡು ಇಂಪ್ಲಾಂಟ್ ಅಂದ್ರೆ ಸೇರಿ ಒಂದು ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ಟು. ತೂಕವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಸಿ.ಸಿ. ಒಂದೇ ಸಾಲದು. ಅದೇ 300 ಸಿ.ಸಿ.ಯನ್ನು ಅಗಲವಾಗಿ ತಟ್ಟೆಯ ಹಾಗೂ ಮಾಡಬಹುದು, ಕಿರಿದಾಗಿ ಬಟ್ಟಲಿನ ಹಾಗೂ ಮಾಡಬಹುದು. ಇದಕ್ಕೆ ಪ್ರೊಫೈಲ್ ಅಂತಾರೆ. ಲೋ, ಮಾಡರೇಟ್, ಹೈ ಅಂತ. ಅಂದ್ರೆ ಆರಿಸಬೇಕಾದ್ದು ಒಂದು ನಂಬರ್ ಅಲ್ಲ, ಅಗಲ, ಉಬ್ಬು, ಗಾತ್ರ ಮೂರೂ. ಅದರಲ್ಲಿ ಅಗಲವನ್ನು ನಾವು ಆರಿಸೋ ಹಾಗೇ ಇಲ್ಲ, ಅದನ್ನು ನಮ್ಮ ಮೈಯೇ ನಿರ್ಧರಿಸಿಬಿಟ್ಟಿರುತ್ತೆ.

ಇದು ಬಹಳ ಮುಖ್ಯ, ಅದಕ್ಕೇ ನಿಧಾನವಾಗಿ ಹೇಳ್ತೀನಿ. 2005ರಲ್ಲಿ ಅಮೆರಿಕದ ಸರ್ಜನ್‌ಗಳಾದ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ 'ಹೈ ಫೈವ್' ಅನ್ನೋ ಪದ್ಧತಿಯನ್ನು ಪ್ರಕಟಿಸಿದರು. ಆಪರೇಷನ್ನಿಗೆ ಮೊದಲೇ ಐದು ನಿರ್ಧಾರಗಳನ್ನು ಅಳತೆಗಳ ಮೇಲೆ ತಗೋಬೇಕು ಅನ್ನೋದು ಅದರ ಸಾರ. ಸ್ತನದ ಬುಡ ಎಷ್ಟು ಸೆಂಟಿಮೀಟರ್ ಅಗಲ ಇದೆ, ಮೇಲ್ಭಾಗದಲ್ಲಿ ಚಿವುಟಿ ಹಿಡಿದರೆ ಚರ್ಮ, ಕೊಬ್ಬು ಸೇರಿ ಎಷ್ಟು ದಪ್ಪ ಬರುತ್ತೆ, ಚರ್ಮವನ್ನು ಮುಂದಕ್ಕೆ ಎಳೆದರೆ ಎಷ್ಟು ಬರುತ್ತೆ, ತೊಟ್ಟಿನಿಂದ ಕೆಳಗಿನ ಮಡಿಕೆಗೆ ಎಷ್ಟು ದೂರ... ಇವೇ ಆ ಅಳತೆಗಳು. ಚಿವುಟಿದ ದಪ್ಪ 2 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ದರೆ ಇಂಪ್ಲಾಂಟಿನ ಅಂಚು ಕಾಣದ ಹಾಗೆ ಸಾಮಾನ್ಯವಾಗಿ ಸ್ನಾಯುವಿನ ಕೆಳಗೆ ಇಡ್ತಾರೆ. ಬುಡದ ಅಗಲಕ್ಕಿಂತ ಇಂಪ್ಲಾಂಟ್ ಅಗಲ ಇರಬಾರದು.

ಇದನ್ನು ನಮ್ಮ ಬಡಾವಣೆಯ ದರ್ಜಿ ಒಂದೇ ಸಾಲಿನಲ್ಲಿ ಹೇಳ್ತಾನೆ. "ಬಟ್ಟೆ ಎಷ್ಟಿದೆಯೋ ಅಷ್ಟೇ ಹೊಲಿಯಕ್ಕಾಗೋದು ಮೇಡಂ." ಬಟ್ಟೆ ಕಮ್ಮಿ ಇದ್ದು ಎಳೆದು ಹೊಲಿದರೆ ಏನಾಗುತ್ತೆ? ಹೊಲಿಗೆ ಬಿಡುತ್ತೆ. ಇಲ್ಲೂ ಹಾಗೇ. ಮೈ ತಡೆಯೋದಕ್ಕಿಂತ ದೊಡ್ಡದು ಹಾಕಿದರೆ ಮೇಲಿನ ಚರ್ಮ, ಅಂಗಾಂಶ ವರ್ಷ ಕಳೆದ ಹಾಗೆ ತೆಳುವಾಗ್ತಾ ಹೋಗುತ್ತೆ. ಇಂಪ್ಲಾಂಟಿನ ಸುಕ್ಕು ಹೊರಗಿಂದ ಕೈಗೆ ಸಿಗೋಕೆ ಶುರುವಾಗುತ್ತೆ. ಭಾರಕ್ಕೆ ಕೆಳಗೆ ಜಾರಬಹುದು. ತೀರಾ ಅಗಲವಾದರೆ ನಡುವಿನ ಗೆರೆ ದಾಟಿ ಎರಡೂ ಒಂದಕ್ಕೊಂದು ಸೇರಿಕೊಂಡ ಹಾಗೆ ಕಾಣೋದೂ ಉಂಟು. ಒಮ್ಮೆ ಹಿಗ್ಗಿ ತೆಳುವಾದ ಅಂಗಾಂಶ ಮತ್ತೆ ಮೊದಲಿನ ಹಾಗೆ ಆಗೋಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಾದರೆ ಹಳೇ ವರ್ಶನ್‌ಗೆ ವಾಪಸ್ ಹೋಗಬಹುದು, ಮೈಗೆ ಆ ಸೌಲಭ್ಯ ಇಲ್ಲ.

ಇನ್ನೊಂದು ಲೆಕ್ಕ ನೋಡಿ, ಪಿಯುಸಿ ಗಣಿತ ಸಾಕು. 300 ಹಾಕಿಸ್ಕೊಳ್ಳೋದಾ 330 ಹಾಕಿಸ್ಕೊಳ್ಳೋದಾ ಅಂತ ನಿದ್ದೆಗೆಡೋರಿದ್ದಾರೆ. 30 ಸಿ.ಸಿ. ಅಂದ್ರೆ ಎರಡು ಟೇಬಲ್ ಚಮಚ. ಗಾತ್ರ ಶೇಕಡಾ 10 ಹೆಚ್ಚಾಗುತ್ತೆ. ಆದರೆ ಆಕಾರ ಅದೇ ಆಗಿದ್ದರೆ ಗಾತ್ರ ಅಳತೆಯ ಘನಕ್ಕೆ ತಕ್ಕ ಹಾಗೆ ಬೆಳೆಯೋದರಿಂದ ಅಗಲ ಹೆಚ್ಚೋದು ಶೇಕಡಾ 3 ಚಿಲ್ಲರೆ ಅಷ್ಟೇ. 12 ಸೆಂಟಿಮೀಟರ್ ಇದ್ದದ್ದು 12.4 ಆಗುತ್ತೆ. ನಾಲ್ಕು ಮಿಲಿಮೀಟರ್! ಕನ್ನಡಿಯಲ್ಲಿ ಯಾರಿಗೆ ಕಾಣುತ್ತೆ? ಅದನ್ನೇ ತಿರುಗಿಸಿ ನೋಡಿ. ಬುಡದ ಅಗಲ 11 ಇರೋಳಿಗೂ 12 ಇರೋಳಿಗೂ ಬರೀ ಒಂದು ಸೆಂಟಿಮೀಟರ್ ವ್ಯತ್ಯಾಸ. ಆದರೆ ಅದೇ ಆಕಾರ ಬರಬೇಕಾದರೆ ಎರಡನೆಯವಳಿಗೆ ಶೇಕಡಾ 30 ಹೆಚ್ಚು ಬೇಕು. ಅದಕ್ಕೇ ಗೆಳತಿಗೆ 300 ಚೆನ್ನಾಗಿ ಕಂಡಿದ್ದು ನಿಮಗೆ ಹೇಗೆ ಕಾಣುತ್ತೆ ಅಂತ ಹೇಳೋಕಾಗೋಲ್ಲ. ಬೇರೆಯವರ ಫೋಟೋ ತೋರಿಸಿ "ಇದೇ ಥರ" ಅನ್ನೋದು, ಪಕ್ಕದ ಮನೆಯವರ ಕನ್ನಡಕ ಹಾಕ್ಕೊಂಡು ನೋಡಿದ ಹಾಗೆ.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ, ಅಕ್ಕಿ ಪರೀಕ್ಷೆ. ತೆಳು ಕಾಲುಚೀಲದಲ್ಲಿ ಬೇಕಾದಷ್ಟು ಮಿಲಿಲೀಟರ್ ಅಕ್ಕಿ ತುಂಬಿ ಗಂಟು ಹಾಕಿ ಬ್ರಾ ಒಳಗೆ ಇಟ್ಟುಕೊಂಡು ಓಡಾಡೋದು. ಎರಡು ವಾರ ನಮ್ಮ ಅಡುಗೆಮನೆ ಲ್ಯಾಬ್ ಆಗಿತ್ತು :-) ಸೋನಾ ಮಸೂರಿ, ಅಳತೆ ಲೋಟ, ತಕ್ಕಡಿ... ನಾನಂತೂ ಒಂದು ಎಕ್ಸೆಲ್ ಶೀಟೇ ಮಾಡಿದ್ದೆ. 300 ಮಿಲಿಲೀಟರ್ ಅಕ್ಕಿ ತೂಗಿದರೆ 250 ಗ್ರಾಮಿನ ಆಸುಪಾಸು ಬಂತು, ಕಾಳುಗಳ ನಡುವೆ ಗಾಳಿ ಇರುತ್ತಲ್ಲ. ಇಂಪ್ಲಾಂಟಿನ ಜೆಲ್ ಅದಕ್ಕಿಂತ ಭಾರ. ಆದ್ದರಿಂದ ಅಕ್ಕಿ ಹೇಳೋದು ನೋಟದ ಅಂದಾಜು ಮಾತ್ರ, ಭಾರದ್ದಲ್ಲ. ಹೊರಗಿಟ್ಟದ್ದಕ್ಕೂ ಒಳಗೆ ಸ್ನಾಯುವಿನ ಕೆಳಗೆ ಕೂತದ್ದಕ್ಕೂ ನೋಟ ಒಂದೇ ಇರೋಲ್ಲ. ಆದರೂ ಒಂದು ಉಪಯೋಗ ಇದೆ. ಕನ್ನಡಿ ಮುಂದೆ ಐದು ನಿಮಿಷ ನಿಂತು ತೀರ್ಮಾನ ಮಾಡೋ ಬದಲು ಮೆಟ್ಟಿಲು ಹತ್ತಿ, ಬಸ್ಸಿಗೆ ಓಡಿ, ಎಂಟು ಗಂಟೆ ಕೂತು ಕೆಲಸ ಮಾಡಿ ನೋಡಿದಾಗ ಗೊತ್ತಾಗೋ ವಿಷಯಗಳೇ ಬೇರೆ.

ಎರಡನೇ ಸಲ ಹೋದದ್ದು ಒಬ್ಬ ಹಿರಿಯ ಪ್ಲಾಸ್ಟಿಕ್ ಸರ್ಜನ್ ಹತ್ತಿರ. ಹೆಂಗಸು, ಮಿತಭಾಷಿ. ಫೋಟೋ ಇಲ್ಲ, ಪ್ಯಾಕೇಜ್ ಇಲ್ಲ. ಟೇಪು, ಕ್ಯಾಲಿಪರ್ ಹಿಡಿದು ನಲವತ್ತು ನಿಮಿಷ ಅಳೆದು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು, "ಇದಾದ ಮೇಲೆ ನಿಮ್ಮ ದಿನದಲ್ಲಿ ಏನು ಬದಲಾಗಬೇಕು?"

ಇವಳು ಒಂದು ನಿಮಿಷ ಸುಮ್ಮನಿದ್ದು, "ಕರ್ಚೀಫ್ ಬೇಡವಾದ್ರೆ ಸಾಕು ಡಾಕ್ಟ್ರೇ" ಅಂದಳು.

ಕೆಲಸಕ್ಕೆ ಸೇರಿದಾಗಿನಿಂದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿದ್ದೀನಿ. ಇಷ್ಟು ಸ್ಪಷ್ಟವಾಗಿದ್ದ ಒಂದನ್ನೂ ಕಂಡಿರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಹನ್ನೊಂದು ಕಾಲಂ ಇತ್ತು, ಈ ಸಾಲಿಗೆ ಒಂದೂ ಕಾಲಂ ಇರಲಿಲ್ಲ.

ಡಾಕ್ಟರು ಎರಡು ದಾರಿ ಹೇಳಿದರು. ಎರಡೂ ಕಡೆ ಬೇರೆ ಬೇರೆ ಗಾತ್ರದ ಇಂಪ್ಲಾಂಟ್ ಹಾಕಿ ಸರಿದೂಗಿಸೋದು ಒಂದು. ಚಿಕ್ಕದಿರೋ ಕಡೆ ಮಾತ್ರ ಹಾಕಿ, ಇನ್ನೊಂದನ್ನು ಮುಟ್ಟದೇ ಇರೋದು ಇನ್ನೊಂದು. ಎರಡನೆಯದರಲ್ಲಿ ಒಂದು ತೊಡಕಿದೆ ಅಂತಲೂ ಹೇಳಿದರು. ಇಂಪ್ಲಾಂಟ್ ಇರೋ ಕಡೆ ಮತ್ತು ಇಲ್ಲದ ಕಡೆ ವಯಸ್ಸಾಗೋ ರೀತಿ ಬೇರೆ. ತೂಕ ಏರಿಳಿದಾಗ, ಬಸಿರು ಬಾಣಂತನ ಆದಾಗ ಒಂದು ಬದಲಾಗುತ್ತೆ, ಇನ್ನೊಂದು ಅಷ್ಟು ಬದಲಾಗೋಲ್ಲ. ಇವತ್ತು ಸರಿ ಹೊಂದಿದ್ದು ಹತ್ತು ವರ್ಷದ ಮೇಲೂ ಸರಿ ಹೊಂದುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಅಲ್ಲಿಂದ ಶುರುವಾಯ್ತು ನೋಡಿ, ಓಟಿಂಗು. ಅಮ್ಮನಿಗೆ ಹೇಳಿದಳು. ಅಮ್ಮ ಅತ್ತು, "ಮದುವೆ ಆಗೋವರೆಗೆ ಸುಮ್ನಿರೇ, ಗಂಡಿನ ಕಡೆಯೋರಿಗೆ ಗೊತ್ತಾದ್ರೆ?" ಅಂದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ "ಮಾಡಿಸೋದೇ ಆದ್ರೆ ನೋಡೋಕೆ ಚೆನ್ನಾಗಿರೋ ಹಾಗೆ ಮಾಡಿಸು" ಅಂದರು. ಅಮೆರಿಕದಲ್ಲಿರೋ ಅವಳ ಕಸಿನ್ "ಅಷ್ಟು ದುಡ್ಡು ಕೊಡೋದು, ಎರಡೂ ಕಡೆ ದೊಡ್ಡದೇ ಮಾಡಿಸ್ಬಿಡು" ಅಂದಳು. ನಾನು? ನಾನು ಸಿಮೆಟ್ರಿಯ ಪರ. ಇಂಜಿನಿಯರ್ ಅಲ್ವಾ... ಎರಡೂ ಕಡೆ ಹಾಕಿಸಿದರೆ ಮಿಲಿಮೀಟರ್ ಲೆಕ್ಕದಲ್ಲಿ ಸರಿ ಮಾಡಬಹುದು ಅಂತ ವಾದ ಮಾಡಿದೆ. ಗಮನಿಸಿ, ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಎಲ್ಲರ ಕೈಯಲ್ಲೂ ಒಂದೊಂದು ನಂಬರ್ ಇತ್ತು. ಅವಳ ಕೈಯಲ್ಲಿ ಮಾತ್ರ ನಂಬರ್ ಇರಲಿಲ್ಲ, ಕರ್ಚೀಫ್ ಇತ್ತು.

ಇಲ್ಲಿ ಒಂದು ಹಳೇ ಕಥೆ ಹೇಳಲೇಬೇಕು. ಜಗತ್ತಿನಲ್ಲಿ ಮೊದಲ ಸಿಲಿಕೋನ್ ಜೆಲ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಸರ್ಜನ್‌ಗಳು ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಹಿಸುಕಿ ನೋಡಿದಾಗ ಜೆರೋಗೆ ಈ ಯೋಚನೆ ಬಂತಂತೆ. ಹಾಕಿಸಿಕೊಂಡ ಮೊದಲ ಹೆಂಗಸು ಟಿಮ್ಮಿ ಜೀನ್ ಲಿಂಡ್ಸಿ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸೋಕೆ! ಡಾಕ್ಟರುಗಳೇ ಇಂಪ್ಲಾಂಟ್ ಹಾಕಿಸ್ಕೊಳ್ತೀಯಾ ಅಂತ ಕೇಳಿದ್ದು. ಆಕೆಗೆ ನಿಜವಾಗಿ ಬೇಕಿದ್ದದ್ದು ಮುಂದಕ್ಕೆ ಚಾಚಿಕೊಂಡ ಕಿವಿ ಸರಿ ಮಾಡಿಸೋದು. ಕಿವಿಯನ್ನೂ ಸರಿ ಮಾಡ್ತೀವಿ ಅಂದಾಗ ಒಪ್ಪಿಕೊಂಡಳು. ಅಂದ್ರೆ ಈ ಇಡೀ ಉದ್ಯಮ ಶುರುವಾಗಿದ್ದೇ ಹೆಂಗಸು ಕೇಳಿದ್ದು ಒಂದು, ಬೇರೆಯವರು ಕೊಟ್ಟದ್ದು ಇನ್ನೊಂದು ಅನ್ನೋ ಜಾಗದಿಂದ. ಅರವತ್ತು ವರ್ಷದ ಮೇಲೂ "ಬಿ ಬೇಕಾ ಸಿ ಬೇಕಾ" ಅಂತ ಕೇಳೋರಿಗೆ ಕಿವಿ ಕೇಳಿಸಿಲ್ಲ ಅಂತಲೇ ನನ್ನ ಅಭಿಪ್ರಾಯ.

ಹಾಗಂತ ನಾನು ಇಂಪ್ಲಾಂಟ್ ಪರ ಪ್ರಚಾರ ಮಾಡ್ತಿಲ್ಲ. ಸೈಜು ಆರಿಸೋವಾಗ ಜೊತೆಗೇ ಆರಿಸಿಕೊಳ್ಳೋ ಹೊಣೆಗಳನ್ನೂ ಹೇಳಬೇಕಲ್ಲ. ಇಂಪ್ಲಾಂಟ್ ಜೀವನಪರ್ಯಂತ ಇರೋ ವಸ್ತು ಅಲ್ಲ ಅಂತ ಅಮೆರಿಕದ ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತೆ. ವರ್ಷ ಹೆಚ್ಚಾದಷ್ಟೂ ತೊಂದರೆ ಬರೋ, ಮತ್ತೆ ಆಪರೇಷನ್ ಆಗೋ ಸಾಧ್ಯತೆ ಹೆಚ್ಚು. ಸುತ್ತ ಬೆಳೆಯೋ ಪೊರೆ ಬಿಗಿದುಕೊಂಡು ಗಟ್ಟಿಯಾಗಬಹುದು. ಒಳಗೇ ಒಡೆದರೂ ಗೊತ್ತಾಗದೇ ಇರಬಹುದು, ಅದಕ್ಕೇ ಸಿಲಿಕೋನ್ ಜೆಲ್ ಇಂಪ್ಲಾಂಟ್ ಹಾಕಿಸಿಕೊಂಡವರು ಏನೂ ತೊಂದರೆ ಇಲ್ಲದಿದ್ದರೂ 5-6 ವರ್ಷಕ್ಕೆ ಒಮ್ಮೆ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಅನ್ನೋದು ಎಫ್‌ಡಿಎ ಸಲಹೆ. ಮೇಲ್ಮೈ ಒರಟಾಗಿರೋ ಇಂಪ್ಲಾಂಟ್‌ಗಳಿಗೂ ಒಂದು ಅಪರೂಪದ ಲಿಂಫೋಮಾಕ್ಕೂ ಸಂಬಂಧ ಕಂಡುಬಂದು 2019ರಲ್ಲಿ ಅಲರ್ಗನ್ ಕಂಪನಿ ಅಂಥವನ್ನು ಜಗತ್ತಿನಾದ್ಯಂತ ವಾಪಸ್ ಪಡೀತು. 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇಂಪ್ಲಾಂಟ್‌ಗಳ ಮೇಲೆ ಅತಿ ಗಂಭೀರ ಎಚ್ಚರಿಕೆಯ ಚೌಕಟ್ಟು ಹಾಕಿಸಿ, ಆಪರೇಷನ್ನಿಗೆ ಮೊದಲು ರೋಗಿಯ ಜೊತೆ ಒಂದು ಚೆಕ್‌ಲಿಸ್ಟ್ ಓದಿ ಸಹಿ ಹಾಕೋ ಅವಕಾಶ ಕೊಡಲೇಬೇಕು ಅಂತ ಮಾಡಿತು. ಅಮೆರಿಕದ ಕಾನೂನು ನಮಗೆ ಅನ್ವಯಿಸೋಲ್ಲ, ಸರಿ. ಆದರೆ ಅದೇ ಪ್ರಶ್ನೆಗಳನ್ನು ಬೆಂಗಳೂರಿನ ಡಾಕ್ಟರಿಗೆ ಕೇಳೋಕೆ ಯಾರ ಅಪ್ಪಣೆಯೂ ಬೇಡ. ಯಾವ ಕಂಪನಿಯದು, ನುಣುಪೋ ಒರಟೋ, ಸೀರಿಯಲ್ ನಂಬರ್ ಇರೋ ಕಾರ್ಡ್ ಕೊಡ್ತೀರಾ? ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಹೆಚ್ ಅಥವಾ ಡಿಎನ್‌ಬಿ ಮಾಡಿದವರಾ? ಇಷ್ಟಾದರೂ ಕೇಳಿ. ಇನ್ಶೂರೆನ್ಸ್ ವಿಷಯ ಹೇಳೋದಾದ್ರೆ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಮರುನಿರ್ಮಾಣ ಅಥವಾ ವೈದ್ಯಕೀಯವಾಗಿ ಅಗತ್ಯ ಅಂತ ಡಾಕ್ಟರ್ ಬರೆದುಕೊಟ್ಟದ್ದು ಬಿಟ್ಟು ಉಳಿದದ್ದೆಲ್ಲಾ ನಮ್ಮ ಜೇಬಿನಿಂದಲೇ.

ಇಷ್ಟೆಲ್ಲಾ ತಿಳಿದ ಮೇಲೆ ಅವಳು ಆರಿಸಿದ್ದು ನಾನು ಹೇಳಿದ್ದನ್ನಲ್ಲ. ಒಂದೇ ಕಡೆ, ಸುಮಾರು 11 ಸೆಂಟಿಮೀಟರ್ ಅಗಲದ, 200 ಸಿ.ಸಿ. ಆಸುಪಾಸಿನ, ನುಣುಪು ಮೇಲ್ಮೈಯದು. ಅದೂ ಬಲಗಡೆಗೆ ಪೂರ್ತಿ ಸಮ ಆಗೋದಕ್ಕಿಂತ ಒಂದು ಚೂರು ಕಮ್ಮಿಯೇ. "ಎರಡು ಹಾಕಿಸ್ಕೊಂಡ್ರೆ ಎರಡನ್ನೂ ನೋಡ್ಕೋಬೇಕು. ನಂಗಿರೋ ತಾಪತ್ರಯ ಒಂದೇ, ಒಂದು ಸಾಕು. ಚೆನ್ನಾಗಿರೋದನ್ನ ಯಾಕೆ ಕೊಯ್ಯಿಸ್ಲಿ?" ಅಂದಳು. ಕೆಟ್ಟುಹೋಗಬಹುದಾದ ಭಾಗಗಳು ಕಮ್ಮಿ ಇದ್ದಷ್ಟೂ ಸಿಸ್ಟಮ್ ಒಳ್ಳೇದು... ಆಫೀಸಿನಲ್ಲಿ ದಿನಾ ಹೇಳೋ ಮಾತು, ಅವಳ ಬಾಯಲ್ಲಿ ಕೇಳಿದಾಗಲೇ ನನಗೆ ಹೊಳೆದದ್ದು.

ನನ್ನ ವಾದ ಇಷ್ಟೇ. ಸರಿಯಾದ ಸೈಜು ಅನ್ನೋದು ಕೊನೆಗೆ ಬರೋ ಉತ್ತರ, ಮೊದಲಿಗೆ ಕೇಳೋ ಪ್ರಶ್ನೆ ಅಲ್ಲ. ಮೊದಲು ಏನು ಬೇಕು ಅಂತ ಅವಳೇ, ಅವಳ ಮಾತಿನಲ್ಲೇ, ಒಂದು ಸಾಲಿನಲ್ಲಿ ಹೇಳಬೇಕು. ಆಮೇಲೆ ಮೈ ತನ್ನ ಅಳತೆಯಿಂದ ಎಷ್ಟರಿಂದ ಎಷ್ಟರವರೆಗೆ ಅಂತ ಹೇಳುತ್ತೆ, ಅದನ್ನು ಓದೋಕೆ ಡಾಕ್ಟರ್ ಬೇಕು. ಇವೆರಡೂ ಆದ ಮೇಲೆ ಉಳಿಯೋ ನಂಬರ್‌ಗಳು ಬಹಳ ಕಮ್ಮಿ, ಅದರಲ್ಲಿ ಯಾವುದಾದರೂ ಆದೀತು. ಒಂದು ಸಾಲಿನಲ್ಲಿ ಹೇಳೋಕೆ ಬರ್ತಿಲ್ಲ ಅಂದ್ರೆ ಅಥವಾ ಆ ಸಾಲಿನಲ್ಲಿ ಗಂಡ, ಬಾಯ್‌ಫ್ರೆಂಡ್, ಗಂಡಿನ ಕಡೆಯವರು ಬರ್ತಾರೆ ಅಂದ್ರೆ ಆಪರೇಷನ್ ಮುಂದೂಡೋದೇ ವಾಸಿ. ದೊಡ್ಡದು ಬೇಕು ಅನ್ನೋದೇ ಆ ಸಾಲು ಆಗಿದ್ದರೂ ನನ್ನ ತಕರಾರಿಲ್ಲ, ಮೈ ಒಪ್ಪಬೇಕು, ಅವಳೇ ಹೇಳಿರಬೇಕು ಅಷ್ಟೇ.

ಇನ್ನು ನಮ್ಮಂಥ ಬೈಯೋರಿಗೆ ಒಂದು ಮಾತು. 2018ರಲ್ಲಿ ಚೆನ್ನೈನ ಸರ್ಕಾರಿ ಸ್ಟಾನ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಸ್ತನದ ಶಸ್ತ್ರಚಿಕಿತ್ಸೆ ಉಚಿತವಾಗಿ ಸಿಗುತ್ತೆ ಅಂತಾದಾಗ, ತೆರಿಗೆ ದುಡ್ಡಿನಲ್ಲಿ ಶೋಕಿ ಅಂತ ಕೂಗಾಡಿದ್ದು ನೆನಪಿರಬಹುದು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯೋ ಆಪರೇಷನ್ನಿನ ನಂತರ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡಾಗಲೂ "ಬೇಕಿತ್ತಾ ಇದೆಲ್ಲಾ?" ಅಂದವರನ್ನು ನಾನೇ ಕೇಳಿದ್ದೀನಿ. ಆ ಹುಡುಗಿಗೆ ದಿನಾ ಯಾವ ಕರ್ಚೀಫ್ ಇತ್ತೋ ನಮಗೇನು ಗೊತ್ತು? ನಾವು ಬೈದಷ್ಟೂ ಹುಡುಗಿಯರು ಗುಟ್ಟಾಗಿ ಹೋಗ್ತಾರೆ. ಗುಟ್ಟಾಗಿ ಹೋದೋರು ಪ್ರಶ್ನೆ ಕೇಳೋಲ್ಲ, ಎರಡನೇ ಡಾಕ್ಟರ್ ಹತ್ತಿರ ಹೋಗೋಲ್ಲ, ಟ್ಯಾಬ್ ಹಿಡಿದ ಹುಡುಗಿ ಹೇಳಿದ ಸೈಜಿಗೆ ಸಹಿ ಹಾಕಿ ಬರ್ತಾರೆ. ನಮ್ಮ ಬೈಗುಳದಿಂದ ಲಾಭ ಆಗೋದು ಪ್ಯಾಕೇಜ್ ಮಾರೋರಿಗೆ ಮಾತ್ರ.

ಅವಳ ಆಪರೇಷನ್ ಆಗಿ ಎಂಟು ತಿಂಗಳಾಯ್ತು. ಮೊದಲ ವಾರಗಳ ಊತ ನೋಡಿ ನಾನೇ ಗಾಬರಿ ಬಿದ್ದಿದ್ದೆ, ದೊಡ್ಡದಾಗಿಬಿಡ್ತೇನೋ ಅಂತ. ಪೂರ್ತಿ ಕೂರೋಕೆ ತಿಂಗಳುಗಳೇ ಹಿಡಿಯುತ್ತೆ, ಅಲ್ಲಿಯವರೆಗೆ ತೀರ್ಪು ಕೊಡಬೇಡಿ ಅಂದಿದ್ದರು ಡಾಕ್ಟರು. ಈಗ ಕೂತಿದೆ. ಎರಡೂ ಪೂರ್ತಿ ಸಮ ಇಲ್ಲವಂತೆ. ಅಮ್ಮ ಇನ್ನೂ ಗಂಡಿನ ಕಡೆಯವರ ಚಿಂತೆಯಲ್ಲೇ ಇದ್ದಾರೆ.

ಮೊನ್ನೆ ಗೌರಿ ಹಬ್ಬಕ್ಕೆ ಬ್ಲೌಸ್ ಹೊಲಿಸೋಕೆ ಹೋಗಿದ್ವಿ. ಮಾಮೂಲಿನ ಹಾಗೆ ದರ್ಜಿಯ ಹೆಂಡತಿ "ಅಳತೆ ಬ್ಲೌಸ್ ತಂದಿದೀರಾ?" ಅಂತ ಕೈ ಚಾಚಿದರು. "ಇಲ್ಲ ಅಕ್ಕ, ಅಳತೆ ತಗೊಳ್ಳಿ" ಅಂತ ಇವಳು ದುಪಟ್ಟಾ ನನ್ನ ಕೈಗೆ ಕೊಟ್ಟು ನಿಂತಳು. ಆಯಮ್ಮ ಟೇಪ್ ಹಿಡಿದು ನಂಬರ್ ಹೇಳ್ತಾ ಹೋದರು, ಒಳಗಿಂದ ಗಂಡ ಬರ್ಕೊಳ್ತಾ ಹೋದ. ಎಷ್ಟು ಅಂದರು ಅಂತ ನಾನು ಕೇಳಿಸಿಕೊಳ್ಳಲಿಲ್ಲ.

ನೀವೇನಂತೀರಿ? ಕಾಮೆಂಟ್ ಬಾಕ್ಸ್ ತೆರೆದೇ ಇದೆ, ಜಗಳಕ್ಕೂ ಸ್ವಾಗತ. ಆದರೆ "ಯಾರು ಅವಳು" ಅಂತ ಮಾತ್ರ ಕೇಳಬೇಡಿ. ಗೊತ್ತಾದರೂ ಗೊತ್ತಿಲ್ಲದ ಹಾಗೇ ಇರಿ :-)